ಗಾಡಿ ತೊಳ್ಯಾಕ ಡಿಗ್ರಿ ಯಾಕ ಬೇಕಿತ್ತು?

"ಡಿಗ್ರಿ ಮುಗಿಸಿ ಗಾಡಿ ತೊಳ್ಯಾಕ ಹೊಂಟಾನಂತ!"

ಖಾನಾಪುರ ಕಡೆಯ ಹುಡುಗನೊಬ್ಬ ಬೆಳಗಾವಿಯ ಟ್ರ್ಯಾವೆಲ್ಸ್ ಆಫೀಸಿಗೆ ಕೆಲಸಕ್ಕೆ ಸೇರಿದ ಅಂದರೆ ಊರ ಕಟ್ಟೆಯ ಮೇಲೆ ಮೊದಲು ಬರುವ ಮಾತು ಇದೇ. ಆಡಿದವರು ಮರೆತುಬಿಡುತ್ತಾರೆ. ಕೇಳಿಸಿಕೊಂಡ ಅಪ್ಪ ಮರೆಯುವುದಿಲ್ಲ. ಮಗನಿಗೆ "ಬ್ಯಾಡಪಾ, ಮನ್ಯಾಗ ಇರು, ಪರೀಕ್ಷೆ ಬರಿ" ಅನ್ನುತ್ತಾನೆ. ಹುಡುಗ ಇನ್ನೂ ಎರಡು ವರ್ಷ ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಅಂತ ಅರ್ಜಿ ಹಾಕುತ್ತಾ ಕೂರುತ್ತಾನೆ. ಪರೀಕ್ಷೆ ಬರೆಯುವುದು ತಪ್ಪಲ್ಲ. ಆದರೆ ಬರೆಯುತ್ತಾ ಖಾಲಿ ಕೂರುವುದು ಮರ್ಯಾದೆ, ಬರೆಯುತ್ತಾ ದುಡಿಯುವುದು ಅವಮಾನ ಅನ್ನುವ ಲೆಕ್ಕ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಕಾರಿನ ಕಂಪನಿಯ ಕೆಳಗಿನ ಕೆಲಸ ಸಿಕ್ಕರೆ ನಮ್ಮ ಹುಡುಗರು ಹಿಡಿಯಬೇಕು. ಆದರೆ ಕಣ್ಣು ಮುಚ್ಚಿ ಹಿಡಿಯಬಾರದು. ಕೆಲವು ಮಾತು ಮೊದಲೇ ಕೇಳಿ, ಕೆಲವು ಕಾಗದ ಮೊದಲೇ ಪಡೆದು, ಎಷ್ಟು ದಿನ ಇರುತ್ತೇನೆ ಅಂತ ಮನಸ್ಸಿನಲ್ಲೇ ಗಡುವು ಹಾಕಿಕೊಂಡು ಹಿಡಿಯಬೇಕು.

ಮೊದಲು ಆ ಕೆಲಸ ಅಂದರೆ ಏನು ಅಂತ ನೋಡೋಣ. ಬೆಳಿಗ್ಗೆ ಹೋದ ಕೂಡಲೇ ಗಾಡಿ ಒರೆಸುವುದು ನಿಜ. ಅದು ಒಂದು ಗಂಟೆಯ ಕೆಲಸ. ಉಳಿದ ದಿನವೆಲ್ಲ ಬೇರೆಯೇ. ಫೋನ್ ಎತ್ತಬೇಕು, ದರ ಹೇಳಬೇಕು, ಬುಕಿಂಗ್ ಬರೆದುಕೊಳ್ಳಬೇಕು. ಯಾವ ಡ್ರೈವರ್ ರಾತ್ರಿ ಎಷ್ಟು ಹೊತ್ತಿಗೆ ಬಂದ, ಬೆಳಿಗ್ಗೆ ಅವನನ್ನೇ ಕಳಿಸಬಹುದೋ ಇಲ್ಲವೋ ನೋಡಬೇಕು. ಟ್ರಿಪ್ ಶೀಟಿನಲ್ಲಿ ಶುರುವಿನ ಕಿ.ಮೀ., ಕೊನೆಯ ಕಿ.ಮೀ. ಬರೆಸಿಕೊಳ್ಳಬೇಕು. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯೋ, ಸ್ಟೆಪ್ನಿಗೆ ಗಾಳಿ ಇದೆಯೋ, ಇನ್ಶೂರೆನ್ಸ್ ಯಾವತ್ತು ಮುಗಿಯುತ್ತೆ, ಎಫ್‌ಸಿ ಯಾವತ್ತು ಮುಗಿಯುತ್ತೆ, ಪರ್ಮಿಟ್ ಗೋವಾಕ್ಕೆ ನಡೆಯುತ್ತೋ ಇಲ್ಲವೋ... ಇದೆಲ್ಲ ಆ "ಗಾಡಿ ತೊಳೆಯುವ" ಹುಡುಗನ ತಲೆಯಲ್ಲೇ ಇರಬೇಕು.

ಒಂದು ಲೆಕ್ಕ ಹೇಳುತ್ತೇನೆ ನೋಡಿ. ಹೊರಊರಿನ ಟ್ರಿಪ್ಪಿಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಅಂತ ಹಿಡಿಯುವುದು ಈ ಧಂದೆಯ ರೂಢಿ. ಕಿ.ಮೀ.ಗೆ 12 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 400, ಕನಿಷ್ಠ 300 ಕಿ.ಮೀ. ಎಂದಿಟ್ಟುಕೊಳ್ಳಿ. ಎರಡು ದಿನದ ಟ್ರಿಪ್ಪಿನಲ್ಲಿ ಗಾಡಿ ಓಡಿದ್ದು 520 ಕಿ.ಮೀ. ಗಿರಾಕಿ ಮಾಡುವ ಲೆಕ್ಕ 6,240 ಮತ್ತು ಬಾಟಾ 800, ಒಟ್ಟು 7,040. ಆಫೀಸಿನ ಲೆಕ್ಕ 600 ಕಿ.ಮೀ.ಗೆ 7,200 ಮತ್ತು 800, ಒಟ್ಟು 8,000. ನಡುವೆ 960 ರೂಪಾಯಿ. ಟೋಲ್, ಪಾರ್ಕಿಂಗ್ ಬೇರೆ. ಕಿ.ಮೀ. ಎಣಿಕೆಯೂ ಗಿರಾಕಿಯ ಮನೆ ಬಾಗಿಲಿನಿಂದ ಅಲ್ಲ, ಶೆಡ್ಡಿನಿಂದ ಶೆಡ್ಡಿಗೆ. ಇದನ್ನು ಟ್ರಿಪ್ ಮುಗಿದ ಮೇಲೆ ಹೇಳಿದರೆ ಜಗಳ, ಹೊರಡುವ ಮೊದಲೇ ನಗುತ್ತಾ ಹೇಳಿದರೆ ವ್ಯಾಪಾರ. ಬಿ.ಕಾಂ. ಪುಸ್ತಕದಲ್ಲಿ ಸ್ಥಿರ ವೆಚ್ಚ, ಚರ ವೆಚ್ಚ ಅಂತ ಓದಿದ್ದು ಯಾಕೆ ಅಂತ ಅವತ್ತು ತಿಳಿಯುತ್ತೆ. ಗಾಡಿ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ಅದಕ್ಕೇ ಆ 300 ಕಿ.ಮೀ.!

ಈಗ ಖಾನಾಪುರದ ಮಾತು. ಬೆಳಗಾವಿಯಿಂದ ಸುಮಾರು 26 ಕಿ.ಮೀ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಎರಡು ಮುಖ್ಯ ದಾರಿಗಳು ಈ ತಾಲ್ಲೂಕನ್ನು ಸೀಳಿಕೊಂಡೇ ಹೋಗುತ್ತವೆ. ಒಂದು ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟು. ಇನ್ನೊಂದು ಖಾನಾಪುರ, ಲೋಂಡಾ, ರಾಮನಗರ ಮೇಲೆ ಅನಮೋಡ ಘಾಟು. ಮಳೆಗಾಲದಲ್ಲಿ ಯಾವ ಘಾಟು ನಡೆಯುತ್ತೆ, ಎಲ್ಲಿ ರಸ್ತೆ ಕಿತ್ತುಹೋಗಿದೆ, ಸಂಜೆ ಮಂಜು ಎಷ್ಟೊತ್ತಿಗೆ ಇಳಿಯುತ್ತೆ ಅನ್ನುವುದು ಇಲ್ಲಿಯ ಹುಡುಗನಿಗೆ ಮನೆಯ ಅಂಗಳದ ವಿಷಯ. ನಕ್ಷೆ ತೋರಿಸುವ ಮೊಬೈಲಿಗೆ ಅದು ಗೊತ್ತಿರುವುದಿಲ್ಲ. ಹಲಸಿಯ ಕದಂಬರ ಗುಡಿ, ನಂದಗಡದ ಸಂಗೊಳ್ಳಿ ರಾಯಣ್ಣನ ಸಮಾಧಿ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಾಡು, ಎಲ್ಲ ಇಲ್ಲೇ ಇವೆ. ಗಿರಾಕಿ "ಗೋವಾ ಬಿಟ್ಟು ಬೇರೆ ಏನು ನೋಡಬಹುದು?" ಅಂತ ಫೋನಿನಲ್ಲಿ ಕೇಳಿದಾಗ ಉತ್ತರ ಕೊಡುವವನು ಯಾವನು? ನಮ್ಮ ಹುಡುಗನೇ ಅಲ್ವಾ?

ಭಾಷೆಯ ಮಾತೂ ಅಷ್ಟೆ. ಬೀಡಿ, ಇಟಗಿ, ಕಕ್ಕೇರಿ ಕಡೆಯವರ ಮನೆಮಾತು ಕನ್ನಡ. ಪಡುವಣ ಕಾಡಿನ ಕಡೆ ಮರಾಠಿ, ಕೊಂಕಣಿ. ಬೆಳಗಾವಿಯಲ್ಲಿ ಭಾಷೆ ಅಂದ ಕೂಡಲೇ ಬೋರ್ಡು, ಬಾವುಟ, ಕಲ್ಲು ಅಂತ ಬರೆಯುವವರು ಬಹಳ ಜನ ಇದ್ದಾರೆ. ಟ್ರ್ಯಾವೆಲ್ಸ್ ಆಫೀಸಿನ ಫೋನಿಗೆ ಅದೆಲ್ಲ ತಿಳಿಯುವುದಿಲ್ಲ. ಬೈಲಹೊಂಗಲದ ಮದುವೆ ಮನೆಯವರು ಕನ್ನಡದಲ್ಲಿ ಕೇಳುತ್ತಾರೆ, ಕೊಲ್ಹಾಪುರದವರು ಮರಾಠಿಯಲ್ಲಿ, ವಿಟಿಯುಗೆ ಬಂದ ಪ್ರೊಫೆಸರರು ಇಂಗ್ಲಿಷಿನಲ್ಲಿ, ಮಿಲಿಟರಿಯವರು ಹಿಂದಿಯಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಬರುವುದಿಲ್ಲ ಅಂತ ಹಿಂದೆ ಕೂತ ಹುಡುಗ ಆರು ತಿಂಗಳಲ್ಲಿ ನಾಲ್ಕು ಭಾಷೆಯಲ್ಲಿ ದರ ಹೇಳುತ್ತಾನೆ. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಸರಿಯಾಗಿ, ಮರ್ಯಾದೆಯಿಂದ ಉತ್ತರ ಸಿಗುವ ಕೌಂಟರ್ ಒಂದು ಹೆಚ್ಚಾದರೆ ಅದೂ ಕನ್ನಡದ ಕೆಲಸವೇ ಅಂತ ನನ್ನ ನಂಬಿಕೆ.

ಕೆಲಸ ಎಷ್ಟರ ಮಟ್ಟಿಗೆ ಏರುತ್ತೆ ಇಳಿಯುತ್ತೆ ಅನ್ನುವುದೂ ಇಲ್ಲಿ ಕಲಿಯುವ ಪಾಠ. ಸುವರ್ಣ ವಿಧಾನಸೌಧ ಉದ್ಘಾಟನೆಯಾಗಿದ್ದು 2012ರ ಅಕ್ಟೋಬರಿನಲ್ಲಿ. ಚಳಿಗಾಲದ ಅಧಿವೇಶನ ಬಂತೆಂದರೆ ಊರಿನ ಗಾಡಿಗಳಿಗೆಲ್ಲ ಕೆಲಸ. ಅಧಿಕಾರಿಗಳು, ಪತ್ರಿಕೆಯವರು, ಮನವಿ ಕೊಡಲು ಬಂದವರು, ಧರಣಿಗೆ ಬಂದವರು ಎಲ್ಲರಿಗೂ ಗಾಡಿ ಬೇಕು. ಸವದತ್ತಿ ಯಲ್ಲಮ್ಮನ ಹುಣ್ಣಿಮೆ, ಮದುವೆ ಸೀಜನ್, ಡಿಸೆಂಬರ್ ಕೊನೆಯ ಗೋವಾ... ಆಗೆಲ್ಲ ಊಟಕ್ಕೂ ಪುರಸೊತ್ತಿಲ್ಲ. ಆಷಾಢದ ಮಳೆಯಲ್ಲಿ ಕೇಳುವವರಿಲ್ಲ. ಸೀಜನ್ನಿನಲ್ಲಿ ಬಂದ ದುಡ್ಡನ್ನು ಆಷಾಢಕ್ಕೆ ಇಡಬೇಕು ಅನ್ನುವುದು ರೈತರ ಮಕ್ಕಳಿಗೆ ಹೊಸತೇನಲ್ಲ.

ಹೊರಗಿನ ಜಗತ್ತಿನದೂ ಒಂದು ಉದಾಹರಣೆ. 1957ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ಜ್ಯಾಕ್ ಟೇಲರ್ ಎಂಬಾತ 7 ಕಾರುಗಳನ್ನಿಟ್ಟುಕೊಂಡು ಲೀಸಿಗೆ ಕೊಡುವ ವ್ಯವಹಾರ ಶುರುಮಾಡಿದ. ಕೆಲವು ವರ್ಷದ ಮೇಲೆ ದಿನಬಾಡಿಗೆಗೂ ಇಳಿದ. ಅದೇ ಮುಂದೆ ಎಂಟರ್‌ಪ್ರೈಸ್ ಎಂಬ ದೊಡ್ಡ ಕಂಪನಿಯಾಯಿತು. ಅಲ್ಲಿ ಡಿಗ್ರಿ ಮುಗಿಸಿ ಸೇರಿದವರನ್ನೂ ಮೊದಲು ಕೌಂಟರಿಗೆ ನಿಲ್ಲಿಸುತ್ತಾರೆ, ಕಾರು ತೊಳೆಯಲೂ ಕಳಿಸುತ್ತಾರೆ. 1981ರಲ್ಲಿ ಹಾಗೆ ಟ್ರೇನಿಯಾಗಿ ಸೇರಿದ ಪಮೇಲಾ ನಿಕೋಲ್ಸನ್ 2013ರಲ್ಲಿ ಅದೇ ಕಂಪನಿಯ ಮುಖ್ಯಸ್ಥೆಯಾದರು. ನಮ್ಮ ಕಡೆಯದೇ ಬೇಕೆಂದರೆ 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರಿದ್ದಾರೆ.

ಆದರೆ ಇಂಥ ಕಥೆ ಹೇಳಿ ಹುಡುಗರ ಬೆನ್ನು ತಟ್ಟಿ ಕಳಿಸುವವರ ಪೈಕಿ ನಾನಲ್ಲ. ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂಥ ಕಂಪನಿಯಲ್ಲಿ ಏಣಿಯ ಮೆಟ್ಟಿಲುಗಳು ಮೊದಲೇ ಇವೆ. ಹತ್ತು ಹನ್ನೆರಡು ಗಾಡಿಯ ನಮ್ಮ ಟ್ರ್ಯಾವೆಲ್ಸ್ ಆಫೀಸಿನಲ್ಲಿ ಎರಡನೇ ಮೆಟ್ಟಿಲೇ ಇರುವುದಿಲ್ಲ. ಮೇಲೆ ಮಾಲೀಕರು, ಅವರ ಪಕ್ಕ ಅವರ ತಮ್ಮ, ಕೆಳಗೆ ನೀವು. ಐದು ವರ್ಷದ ಮೇಲೂ ನೀವು ಅಲ್ಲೇ! ಅದಕ್ಕೇ ಗಡುವು ಬೇಕು ಅಂದಿದ್ದು. ಒಂದೂವರೆ ವರ್ಷ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಲೆಕ್ಕ, ಕಾಗದಪತ್ರ, ಗಿರಾಕಿ, ಆರ್‌ಟಿಒ ನಾಲ್ಕನ್ನೂ ಕಲಿಯಬೇಕು. ಆಮೇಲೆ ದೊಡ್ಡ ಕಂಪನಿಗೋ, ಏರ್‌ಪೋರ್ಟ್ ಕೌಂಟರಿಗೋ, ಇನ್ಶೂರೆನ್ಸ್ ಕಡೆಗೋ, ಸ್ವಂತ ಗಾಡಿಗೋ ಹೋಗಬೇಕು.

ಸೇರುವ ಮೊದಲು ಏನು ಕೇಳಬೇಕು? ನಾನು ಹೇಳುವುದು ಇಷ್ಟು.

ಒಂದು, ನೇಮಕಾತಿ ಪತ್ರ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು ಅನ್ನುತ್ತವೆ. "ನಾವು ಮನಿ ಮಂದಿ ಇದ್ದಂಗ, ಕಾಗದ ಯಾಕಪಾ" ಅನ್ನುವ ಮಾಲೀಕರ ಹತ್ತಿರ ನಗುತ್ತಲೇ ಇನ್ನೊಮ್ಮೆ ಕೇಳಿ.

ಎರಡು, ಗಾಡಿಗೆ ಗೀರು ಬಿದ್ದರೆ ಯಾರ ತಲೆಗೆ? ಈ ಕೆಲಸದಲ್ಲಿ ಅತಿ ಹೆಚ್ಚು ಸಂಬಳ ಹೋಗುವ ದಾರಿ ಇದು. ವೇತನ ಸಂಹಿತೆಯ ಪ್ರಕಾರ ನಿಮ್ಮ ವಶಕ್ಕೆ ಕೊಟ್ಟ ವಸ್ತು ನಿಮ್ಮದೇ ಅಲಕ್ಷ್ಯದಿಂದ ಹಾಳಾದರೆ ಮಾತ್ರ ಕಡಿತ ಮಾಡಬಹುದು, ಅದೂ ನಿಮ್ಮ ಮಾತು ಕೇಳಿದ ಮೇಲೆ, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಎಲ್ಲ ಸೇರಿ ಕಡಿತ ಸಂಬಳದ ಅರ್ಧ ದಾಟುವಂತಿಲ್ಲ. ಹಾಗಾಗಿ ಗಾಡಿ ಹೊರಗೆ ಹೋಗುವಾಗ, ಒಳಗೆ ಬರುವಾಗ ಸುತ್ತಲೂ ನಾಲ್ಕು ಫೋಟೋ ಹೊಡೆದು ಆಫೀಸಿನ ಗುಂಪಿಗೆ ಕಳಿಸುವ ಅಭ್ಯಾಸ ಮಾಡಿಕೊಳ್ಳಿ. ಎರಡು ನಿಮಿಷದ ಕೆಲಸ, ಒಂದು ತಿಂಗಳ ಸಂಬಳ ಉಳಿಸುತ್ತೆ.

ಮೂರು, ಹೊತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಅಂತಿದೆ. ಸೀಜನ್ನಿನಲ್ಲಿ ಹೆಚ್ಚು ಕಮ್ಮಿ ಆಗುತ್ತೆ, ಆಗಲಿ. ಆದರೆ ದಿನವಿಡೀ ಫೋನ್ ಎತ್ತಿದವನನ್ನು ರಾತ್ರಿ ಡ್ರೈವರ್ ಸಿಗಲಿಲ್ಲ ಅಂತ ಘಾಟಿಗೆ ಕಳಿಸುವುದಕ್ಕೆ ಒಪ್ಪಬೇಡಿ. ಅದು ಸಂಬಳದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ನಾಲ್ಕು, ಬೋರ್ಡಿನ ಬಣ್ಣ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಅಂದರೆ ಬಾಡಿಗೆ ಗಾಡಿ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಅಂದರೆ ಗಿರಾಕಿಯೇ ಓಡಿಸಿಕೊಂಡು ಹೋಗುವ ಬಾಡಿಗೆ ಗಾಡಿ. ಅದಕ್ಕೆ 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ, ಕನಿಷ್ಠ 50 ಕ್ಯಾಬ್ ಇರಬೇಕು ಅಂತ ಅದರಲ್ಲಿ ಬರೆದಿದ್ದರು. ಸಣ್ಣ ಊರಿನಲ್ಲಿ ಅಷ್ಟು ಗಾಡಿ ಇಡುವವರು ಯಾರು? ಹಾಗಾಗಿಯೇ ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಹೋಗುವುದು ಎಲ್ಲ ಕಡೆ ನಡೆದಿದೆ. ಅಪಘಾತವಾದ ದಿನ ವಿಮಾ ಕಂಪನಿ "ಇದು ಖಾಸಗಿ ಗಾಡಿ, ಬಾಡಿಗೆಗೆ ಯಾಕೆ ಹೋಯಿತು?" ಅಂತ ಕೇಳುತ್ತೆ. ಅವತ್ತು ಬುಕಿಂಗ್ ಪುಸ್ತಕದಲ್ಲಿ ಇರುವ ಅಕ್ಷರ ಯಾರದು? ನಿಮ್ಮದು. ಅಂಥ ಪುಸ್ತಕಕ್ಕೆ ನಿಮ್ಮ ಕೈಬರಹ ಕೊಡಬೇಡಿ.

ಐದು, ಮೂಲ ಅಂಕಪಟ್ಟಿ ಯಾರ ಬೀರುವಿಗೂ ಕೊಡಬೇಡಿ. ಜೆರಾಕ್ಸ್ ಸಾಕು.

ಲೈಸೆನ್ಸಿನ ಬಗ್ಗೆಯೂ ಒಂದು ಮಾತು. ವಾಣಿಜ್ಯ ವಾಹನಕ್ಕೆ ಎಂಟನೇ ತರಗತಿ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದರು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ವಾಣಿಜ್ಯ ವಾಹನವನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿತು. ಅಂದರೆ ಕೌಂಟರಿನಲ್ಲಿ ಕೂತವನಿಗೂ ಸ್ಟೀರಿಂಗ್ ದಾರಿ ತೆರೆದಿದೆ. ಅದು ಒಳ್ಳೆಯದೇ, ಮೇಲೆ ಹೇಳಿದ ಮೂರನೇ ಮಾತು ನೆನಪಿದ್ದರೆ.

ಹೆಣ್ಣುಮಕ್ಕಳ ವಿಷಯ ಬರೆಯದಿದ್ದರೆ ಅರ್ಧ ಬರೆದಂತೆ. ಕೌಂಟರ್ ಕೆಲಸ, ಬುಕಿಂಗ್, ಬಿಲ್ಲು, ಇದೆಲ್ಲ ಅವರೂ ಮಾಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಖಾನಾಪುರದಿಂದ ಬೆಳಗಾವಿಗೆ ದಿನಾ ಓಡಾಡುವ ಬಸ್ಸಿನ ಖರ್ಚೂ ತಪ್ಪಿತು. ಅಡ್ಡಿ ಇರುವುದು ಸಂಜೆಯ ಹೊತ್ತು. ಹಳ್ಳಿಯ ಕೊನೆ ಬಸ್ಸು ಹೋದ ಮೇಲೆ ಆಫೀಸು ಮುಚ್ಚಿದರೆ ಏನು ಮಾಡುವುದು? ಇಪ್ಪತ್ತು ಗಾಡಿ ಓಡಿಸುವ ಮಾಲೀಕರು ತಮ್ಮ ಆಫೀಸಿನ ಹುಡುಗಿಯನ್ನು ಹೊತ್ತಿಗೆ ಸರಿಯಾಗಿ ಬಸ್ ಸ್ಟ್ಯಾಂಡಿಗೆ ಬಿಡಿಸುವುದು ಕಷ್ಟವಾ?

ಮಾಲೀಕರಿಗೂ ಒಂದು ಮಾತು. "ಹುಡುಗ್ರು ನಿಲ್ಲಂಗಿಲ್ರೀ, ಕಲಿಸಿದ ಮ್ಯಾಲೆ ಓಡಿ ಹೋಗ್ತಾರ" ಅಂತ ಎಲ್ಲರೂ ಗೊಣಗುತ್ತೀರಿ. ನಿಲ್ಲಲು ಒಂದು ಕಾರಣ ಕೊಡಿ. ತಿಂಗಳ ಏಳನೇ ತಾರೀಕಿನೊಳಗೆ ಸಂಬಳ ಕೊಡಿ, ಅದು ಈಗ ಕಾನೂನೂ ಹೌದು. ವರ್ಷಕ್ಕೊಮ್ಮೆ ಏರಿಸಿ. ಅವನೇ ತಂದ ಕಾಯಂ ಗಿರಾಕಿಗೆ ಒಂದಿಷ್ಟು ಕಮಿಷನ್ ಕೊಡಿ. ಆಗ ನೋಡಿ.

ಕಟ್ಟೆಯ ಮೇಲಿನ ಹಿರಿಯರಿಗೆ ಹೇಳುವುದು ಇಷ್ಟೇ. ನಿಮ್ಮದೇ ಮಗಳ ಮದುವೆಗೆ, ನಿಮ್ಮದೇ ಎದೆನೋವಿಗೆ ನಡುರಾತ್ರಿ ಕೆಎಲ್‌ಇ ಆಸ್ಪತ್ರೆಗೆ ಹೋಗಲು ಗಾಡಿ ಬೇಕು ಅಂತ ಫೋನ್ ಮಾಡಿದಾಗ ಎತ್ತುವವನು ಆ ಹುಡುಗನೇ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವವನಿಗೆ, ಗೋವಾದ ಹೋಟೆಲಿನಲ್ಲಿ ತಟ್ಟೆ ಎತ್ತುವವನಿಗೆ, ಇವನಿಗೆ, ಮೂವರಿಗೂ ಒಂದೇ ಮರ್ಯಾದೆ ಕೊಡಿ. ಕೊಡಲಾಗದಿದ್ದರೆ ಕೊನೆಗೆ ಸುಮ್ಮನಾದರೂ ಇರಿ!

ಬೆಂಗಳೂರಿನ, ಹೊರದೇಶದ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸ ಇಂಥದ್ದೇ ಮಾಡಿರುತ್ತೀರಿ. ಎಸ್‌ಟಿಡಿ ಬೂತು, ಕೊರಿಯರ್, ಕಾಲ್ ಸೆಂಟರ್, ಮೆಡಿಕಲ್ ರೆಪ್... ಅಲ್ಲಿ ಎಷ್ಟು ದಿನ ಇದ್ದಿರಿ, ಯಾವಾಗ ಬಿಟ್ಟಿರಿ, ಅದರಿಂದ ಏನು ಕೈಗೆ ಬಂತು? ಬಿಡುವಾದಾಗ ಬರೆಯಿರಿ. ಇಲ್ಲಿ ಅರ್ಜಿ ಹಿಡಿದು ಯೋಚಿಸುತ್ತಾ ನಿಂತ ಹುಡುಗರಿಗೆ ನನ್ನ ಉಪದೇಶಕ್ಕಿಂತ ನಿಮ್ಮ ಲೆಕ್ಕವೇ ಹೆಚ್ಚು ಉಪಯೋಗ.

ನೀವೇನಂತೀರಿ?