ಮಕ್ಕಳನ್ನು ಕರೆದೊಯ್ಯಬೇಕಾದ ಮೇಳ

“ಮಕ್ಕಳ ಕೈಗೆ ಸುತ್ತಿಗೆ, ತಿರುಪುಳಿ ಕೊಡುವುದೇ? ನಾವು ಪಟ್ಟ ಪಾಡು ಸಾಲದೆ?” ಕೈಯಿಂದ ಮಾಡಿ ಕಲಿಯುವ ಮೇಳಗಳ ಮಾತೆತ್ತಿದರೆ ನಮ್ಮ ಹೋಟೆಲ್ ಬಂಧುಗಳಲ್ಲಿ ಹಲವರು ಹೀಗೆ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಚಡ್ಡಿ ಹಾಕುವ ವಯಸ್ಸಿನಲ್ಲೇ ಊರು ಬಿಟ್ಟು ಬಂದು, ಎಂಜಲು ಲೋಟ ತೊಳೆದು ದೊಡ್ಡವರಾದವರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಕೂಡದೆಂದು ಸರಕಾರ ಆಜ್ಞೆ ಮಾಡಿದ್ದು 2006ರಲ್ಲಿ, ಅದೂ ತಡವಾಗಿಯೇ.

ಆದರೆ ದುಡಿಸುವುದು ಬೇರೆ, ಮಾಡಗೊಡುವುದು ಬೇರೆ. ಲೋಟ ತೊಳೆಯುವ ಹುಡುಗನಿಗೆ ಆವಿಯು ಮುಚ್ಚಳವನ್ನು ಏಕೆ ಎತ್ತುತ್ತದೆಂದು ಕೇಳುವ ಬಿಡುವಿರಲಿಲ್ಲ, ಕೇಳಿದರೆ ಬೈಗಳು. ಅದೇ 2006ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯದ ಸ್ಯಾನ್ ಮಟೆಯೊದಲ್ಲಿ ‘ಮೇಕರ್ ಫೇರ್’ ಎಂಬ ಮೇಳ ಮೊದಲಾಯಿತು. ಈಗ ನಮ್ಮ ದೇಶದಲ್ಲೂ ಅಂಥವು ನಡೆಯುತ್ತಿವೆ. ಅಲ್ಲಿ ‘ಮುಟ್ಟಬೇಡಿ’ ಎಂಬ ಹಲಗೆಯಿಲ್ಲ. ವಸ್ತುವನ್ನು ಮಾಡಿದವನೇ ಎದುರು ನಿಂತು ಹೇಳಿಕೊಡುತ್ತಾನೆ; ಮಗು ತಾನೇ ಸೆಲ್ಲಿಗೆ ತಂತಿ ಜೋಡಿಸಿ ದೀಪ ಹೊತ್ತಿಸುತ್ತದೆ. ಹೊತ್ತದಿದ್ದರೆ ಬಿಚ್ಚಿ ನೋಡುತ್ತದೆ.

ಕೇಂದ್ರ ಸರಕಾರ 2016ರಿಂದ ಶಾಲೆಗಳಲ್ಲಿ ತೆರೆಯುತ್ತಿರುವ ಅಟಲ್ ಪ್ರಯೋಗಾಲಯಗಳು ಆರರಿಂದ ಹನ್ನೆರಡನೆಯ ತರಗತಿಯವರಿಗೆ. ಅದಕ್ಕಿಂತ ಚಿಕ್ಕವರ ಹೊಣೆ ತಂದೆತಾಯಿಗಳದೇ.

ವಿಶಾಖಪಟ್ಟಣ, ವಿಜಯವಾಡಗಳಲ್ಲಿರುವ ನಮ್ಮವರಂತೂ ಮೇಳ ಊರಿಗೆ ಬರಲೆಂದು ಕಾಯಬೇಕಾಗಿಲ್ಲ. ವಿಶಾಖಪಟ್ಟಣದಿಂದ ಅರವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ, ವರಾಹಾ ನದಿಯ ದಡದಲ್ಲಿ, ಏಟಿಕೊಪ್ಪಾಕ ಎಂಬ ಹಳ್ಳಿಯಿದೆ. 2025ರ ಗಣರಾಜ್ಯ ದಿನದಂದು ಆಂಧ್ರದ ಸ್ತಬ್ಧಚಿತ್ರವಾಗಿ ದಿಲ್ಲಿಯಲ್ಲಿ ಮೆರೆದದ್ದು ಈ ಹಳ್ಳಿಯ ಗೊಂಬೆಗಳೇ. ಅಲ್ಲಿಯವರು ಅಂಕುಡು ಎನ್ನುವ ಮರವೇ ನಮ್ಮ ಚನ್ನಪಟ್ಟಣದ ಆಲೆಮರ, ಪದ್ಧತಿಯೂ ಅದೇ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಶಾಖ ಎಲ್ಲಿಂದ ಬಂತೆಂದು ಐದು ವರ್ಷದ ಮಗುವೂ ಕೇಳೀತು. ವಿಜಯವಾಡದ ಬಳಿಯ ಕೊಂಡಪಲ್ಲಿಯಲ್ಲಿ ಹಗುರವಾದ ಪೊಣಿಕಿ ಮರದಲ್ಲಿ ಕೈಕಾಲುಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಿಸೆ ಬೀಜದ ಹಿಟ್ಟಿಗೆ ಮರದ ಹೊಟ್ಟು ಕಲಸಿದ ಅಂಟಿನಿಂದ ಕೂಡಿಸುತ್ತಾರೆ.

ಮೇಳಕ್ಕೆ ಹೋದವರು ಎಲ್ಲ ಮಳಿಗೆಗಳಿಗೂ ಮಕ್ಕಳನ್ನು ಎಳೆದಾಡಬೇಡಿ. ಒಂದೇ ಮೇಜಿನ ಮುಂದೆ ಒಂದು ಗಂಟೆ ಕುಳಿತರೂ ಸರಿಯೆ. ಬೆಸುಗೆ ಹಾಕುವಲ್ಲಿ ಮಾತ್ರ ಕೈ ಹಿಡಿದುಕೊಂಡಿರಿ.

ತೊಡಕು ಇರುವುದು ರಜೆಯಲ್ಲಿ. ಮೇಳ ಭಾನುವಾರ, ಹೋಟೆಲಿಗೆ ಗಿರಾಕಿ ಹೆಚ್ಚುವುದೂ ಭಾನುವಾರ. ಹೋಟೆಲಿನವನ ರಜೆ ಮಂಗಳವಾರವೋ ಬುಧವಾರವೋ ಬರುತ್ತದೆ. ಅಂದು ಮಗು ಶಾಲೆಯಲ್ಲಿ. ತಿಂಗಳಿಗೊಂದು ಭಾನುವಾರವನ್ನಾದರೂ ಸರದಿಯ ಮೇಲೆ ಮಕ್ಕಳೊಂದಿಗರಿಗೆ ಬಿಟ್ಟುಕೊಡಬೇಕೆಂಬ ಬೇಡಿಕೆಯನ್ನು ಸಂಘವು ಬೋನಸ್ಸಿನ ಜತೆಗೇ ಮಾಲೀಕರ ಮುಂದಿಡಬೇಕೆಂಬುದು ನಮ್ಮ ಅಭಿಪ್ರಾಯ. ಅದು ಕೈಗೂಡುವವರೆಗೆ, ಭಾನುವಾರ ಬಿಡುವಿರುವ ಗಿರಣಿ ಬಂಧುಗಳು ತಮ್ಮ ಮಕ್ಕಳ ಸಂಗಡ ಪಕ್ಕದ ಮನೆಯ ಹೋಟೆಲಿನವನ ಮಕ್ಕಳನ್ನೂ ಕರೆದೊಯ್ಯಲಿ. ಲೇತು, ಮೋಟಾರು, ಬೆಲ್ಟುಗಳ ವಿಷಯವನ್ನು ಅವರಿಗಿಂತ ಚೆನ್ನಾಗಿ ಯಾರು ಹೇಳಿಯಾರು?