ಓದಿದ ಮೂರು ವರ್ಷಕ್ಕೆ ಸೊನ್ನೆಯೇ?

ಪುತ್ತೂರಿನ ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಮಗಳನ್ನು ಬಿ.ಎಸ್ಸಿ. ಓದಿಸಿದಳೆನ್ನಿ. ಕಡಬದ ಬೀಡಿ ಕಟ್ಟುವವಳ, ಸುಳ್ಯದ ಸಣ್ಣ ಅಂಗಡಿಕಾರನ ಮನೆಯ ಕತೆಯೂ ಇದೇ. ಆ ಹುಡುಗಿ ನರ್ಸಾಗಬೇಕೆಂದರೆ ಏನು ಗತಿ? ಸುಳ್ಯದಲ್ಲೇ ನರ್ಸಿಂಗ್ ಕಾಲೇಜು ಉಂಟು. ಆದರೆ ಪಿ.ಯು.ಸಿ. ಮುಗಿಸಿದವರ ಸಾಲಿನಲ್ಲೇ ನಿಂತು ಮತ್ತೆ 4 ವರ್ಷ! ಮೊದಲಿನ 3 ಸೇರಿ ಒಟ್ಟು 7 ವರ್ಷದ ಫೀಸು! ಈ ಲೆಕ್ಕ ಕಂಡೇ ಬಡವರ ಮನೆ ಕೈಚೆಲ್ಲುತ್ತದೆ.

2 ವರ್ಷದ ಪೋಸ್ಟ್ ಬೇಸಿಕ್ ಪದವಿ ಇದೆಯಲ್ಲ ಎನ್ನುವವರುಂಟು. ಅದು ಈಗಾಗಲೇ ಜಿ.ಎನ್.ಎಂ. ಪಾಸಾದ ನರ್ಸುಗಳಿಗೆ, ಬೇರೆ ಪದವೀಧರರಿಗೆ ಅಲ್ಲಿ ಬಾಗಿಲಿಲ್ಲ.

ವಕೀಲರಾಗುವವರಿಗೆ ಮಾತ್ರ ನ್ಯಾಯ ಬೇರೆ. ಪಿ.ಯು.ಸಿ. ಆದವನಿಗೆ 5 ವರ್ಷ, ಪದವೀಧರನಿಗೆ 3 ವರ್ಷ. ಡಿಪ್ಲೊಮಾ ಆದವನು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರುತ್ತಾನೆ. ಬಂಡವಾಳಶಾಹಿ ಅಮೆರಿಕದಲ್ಲೂ ಪದವೀಧರರು ಒಂದು, ಒಂದೂವರೆ ವರ್ಷದಲ್ಲಿ ನರ್ಸಿಂಗ್ ಪದವಿ ಪಡೆಯುವ ಏರ್ಪಾಡಿದೆ. ನಮ್ಮ ಮಗಳು ಮಾಡಿದ ತಪ್ಪೇನು?

ಗುಣಮಟ್ಟ ಕೆಡುತ್ತದೆಂದು ಹುಬ್ಬೇರಿಸುವ ಮಹನೀಯರೇ, ರೋಗಿಯ ಬಳಿ ಕಲಿಯುವ ತರಬೇತಿಯಲ್ಲಿ ಒಂದು ಗಂಟೆಯನ್ನೂ ಕಡಿಮೆ ಮಾಡಿರೆಂದು ನಾವು ಕೇಳುವುದಿಲ್ಲ. ಒಮ್ಮೆ ಓದಿ ಪಾಸಾದ ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರಗಳಿಗೆ ಎರಡನೇ ಸಲ ಕಾಸು ಕೀಳಬೇಡಿರಿ, ಅಷ್ಟೇ.

2023ರಲ್ಲಿ ಕೇಂದ್ರ ಸರ್ಕಾರ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಕಟ್ಟಡಗಳು ಏಳಲಿ, ಸಂತೋಷ. ನಿಯಮ ಬದಲಾಗುವುದು ಎಂದು?

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ! ಯೂನಿಯನ್ನಿನಲ್ಲಿ, ವರ್ತಕರ ಸಂಘದಲ್ಲಿ ಠರಾವು ಮಾಡಿರಿ. ಓಟು ಕೇಳಲು ಬಂದವರ ಕೈಗೆ ಅದನ್ನು ಕೊಟ್ಟು ಉತ್ತರ ಕೇಳಿರಿ.