ಲೋನ್ ಸಿಕ್ತು ಅಂದ್ರೆ ಪತ್ರ ಸರಿ ಇದೆ ಅಂತಾನಾ?

"ಖಾತಾ ಇದೆ, ರಿಜಿಸ್ಟರ್ ಆಗಿದೆ, ಬ್ಯಾಂಕ್ ಲೋನೂ ಆಗುತ್ತೆ. ಇನ್ನೇನ್ ಬೇಕು ಸಾರ್ ನಿಮಗೆ?"

ರಾಜಾಜಿನಗರದಿಂದ ಕೆಂಗೇರಿವರೆಗೆ ಮನೆ ಹುಡುಕಿಕೊಂಡು ಅಲೆದವರಿಗೆಲ್ಲ ಬ್ರೋಕರುಗಳ ಈ ಮಾತು ಬಾಯಿಪಾಠ ಆಗಿರುತ್ತೆ. ಅವರು ಹೇಳೋದು ಸುಳ್ಳೇನಲ್ಲ, ಮೂರೂ ಇರಬಹುದು. ಆದ್ರೆ ಮೂರೂ ಇದ್ದ ಮಾತ್ರಕ್ಕೆ ಮಾರೋನೇ ಮಾಲೀಕ ಅಂತ ಆಗಲ್ಲ. ಓದಿ ಬರೆದು ಮಾಡೋರೂ ಇಷ್ಟನ್ನೇ ನಂಬಿ ಜೀವಮಾನದ ಗಳಿಕೆ ಸುರಿದುಬಿಡ್ತಾರಲ್ಲ, ಅದು ನನಗೆ ಸರಿ ಅನ್ನಿಸಲ್ಲ.

ಮೊದಲು ಖಾತಾ ವಿಷಯ. ತೆರಿಗೆ ಯಾರ ಹೆಸರಲ್ಲಿ ಕಟ್ಟಿಸಿಕೊಳ್ಳಬೇಕು ಅನ್ನೋ ಲೆಕ್ಕಕ್ಕೆ ಇಟ್ಟುಕೊಂಡ ದಾಖಲೆ ಅದು. ಹಕ್ಕುಪತ್ರ ಅಲ್ಲ ಅಂತ ಕೋರ್ಟುಗಳು ಹೇಳಿ ಹೇಳಿ ಸುಸ್ತಾಗಿವೆ. ೨೦೦೭ರಲ್ಲಿ ಕೆಂಗೇರಿ ಪುರಸಭೆ, ಏಳು ನಗರಸಭೆಗಳು, ೧೧೦ ಹಳ್ಳಿಗಳು ಸೇರಿ ಬಿಬಿಎಂಪಿ ಆಯ್ತು. ಅದರ ಜೊತೆ ಪಂಚಾಯ್ತಿ ಕಾಲದ ರೆವಿನ್ಯೂ ಸೈಟುಗಳೂ ನಗರದೊಳಗೆ ಬಂದವು. ಅಂಥವು ಎಷ್ಟೋ ಬಿ ಖಾತಾದಲ್ಲಿ ಕೂತವು. ೨೦೨೪ರ ಅಕ್ಟೋಬರಿನಿಂದ ಇ-ಖಾತಾ ಇಲ್ದೆ ನೋಂದಣಿ ಇಲ್ಲ ಅಂತಾಯ್ತು. ೨೦೨೫ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬಿ ಖಾತಾನ ಎ ಖಾತಾ ಮಾಡಿಕೊಡೋ ಯೋಜನೆಯನ್ನೂ ಸರ್ಕಾರ ಅದೇ ವರ್ಷ ಪ್ರಕಟಿಸಿತು. ಒಳ್ಳೇದೇ. ಆದ್ರೆ ಬಿ ಹೋಗಿ ಎ ಆದ್ರೆ ಬಡಾವಣೆಯ ದೋಷ ಸರಿಹೋಗಬಹುದು, ಮಾರಿದವನ ಅಕ್ಕನ ಪಾಲು ಕರಗಿಹೋಗಲ್ಲ.

ಅಕ್ಕನ ಪಾಲು ಅಂದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕರ್ನಾಟಕ ೧೯೯೪ರಲ್ಲೇ ತಿದ್ದುಪಡಿ ತಂದಿತ್ತು, ಆಗ ಮದುವೆ ಆಗದೇ ಇದ್ದವರಿಗೆ ಮಾತ್ರ. ೨೦೦೫ರಲ್ಲಿ ದೇಶಕ್ಕೆಲ್ಲ, ಮದುವೆ ಆದವರಿಗೂ ಬಂತು. ೨೦೦೫ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟು ೨೦೨೦ರಲ್ಲಿ ಹೇಳಿತು. ಹಾಗಾಗಿ ಪಿತ್ರಾರ್ಜಿತ ಆಸ್ತಿ ಅಂತ ಗೊತ್ತಾದ ಕೂಡಲೇ ವಂಶವೃಕ್ಷ ಕೇಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಪತ್ರದಲ್ಲಿ ಇದೆಯಾ ನೋಡಿ. "ಅವರೇನೂ ಕೇಳಲ್ಲ ಬಿಡಿ" ಅನ್ನೋ ಮಾತಿಗೆ ಮರುಳಾಗಬೇಡಿ.

ಇನ್ನು ರಿಜಿಸ್ಟ್ರೇಷನ್. ಸಬ್ ರಿಜಿಸ್ಟ್ರಾರ್ ನೋಂದಾಯಿಸೋದು ಪತ್ರವನ್ನ. ಮಾರುವವನಿಗೆ ಹಕ್ಕಿದೆ ಅಂತ ಅವರು ಗ್ಯಾರಂಟಿ ಕೊಡಲ್ಲ. ಬರೀ ಜಿಪಿಎ, ಅಗ್ರಿಮೆಂಟು ಮಾಡಿಕೊಂಡ್ರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟು ೨೦೧೧ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಖಡಾಖಂಡಿತವಾಗಿ ಹೇಳಿದೆ. ಇಸಿ ತೆಗೆಸಿದ್ರಾಯ್ತಲ್ಲ ಅಂತೀರಾ? ಅದರಲ್ಲಿ ಕಾಣೋದು ನೋಂದಣಿ ಆದ ವ್ಯವಹಾರ ಮಾತ್ರ. ಕೋರ್ಟಿನಲ್ಲಿರೋ ದಾವೆ, ನೋಂದಣಿ ಆಗದ ವಿಲ್, ಪತ್ರ ಒತ್ತೆ ಇಟ್ಟು ತಂದ ಸಾಲ, ಇವೆಲ್ಲ ಅದರಲ್ಲಿ ಇರಲೇಬೇಕು ಅಂತಿಲ್ಲ. ಒತ್ತೆ ಸಾಲ ಇದೆಯಾ ಅಂತ ನೋಡೋಕೆ ೨೦೧೧ರಲ್ಲಿ ಶುರುವಾದ ಸೆರ್ಸಾಯ್ ಅನ್ನೋ ಕೇಂದ್ರ ನೋಂದಣಿ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದ್ರೂ ಹುಡುಕಬಹುದು.

ಏರಿಯಾ ಮೇಲೂ ಪ್ರಶ್ನೆ ಬದಲಾಗುತ್ತೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಸಿಐಟಿಬಿ, ಆಮೇಲೆ ೧೯೭೬ರಲ್ಲಿ ಬಂದ ಬಿಡಿಎ ಹಂಚಿದ ಸೈಟುಗಳು ಜಾಸ್ತಿ. ಅಲ್ಲಿ ಹಂಚಿಕೆ ಪತ್ರ, ಸ್ವಾಧೀನ ಪತ್ರದ ಜೊತೆಗೆ, ಲೀಸ್ ಕಮ್ ಸೇಲ್ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಸಿಕೊಂಡಿದ್ದಾರಾ ಅಂತ ಕೇಳಬೇಕು. ಕೆಂಗೇರಿ ಆಸುಪಾಸಿನಲ್ಲಿ ಮೂಲ ಸರ್ವೆ ನಂಬರಿಗೇ ಹೋಗಿ. ಭೂಪರಿವರ್ತನೆ ಆಗಿದೆಯಾ? ಬಡಾವಣೆಗೆ ಮಂಜೂರಾತಿ ಇದೆಯಾ? ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾ? ಹಾಗಿದ್ರೆ ೧೯೭೮ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಮಾರೋ ಹಾಗಿಲ್ಲ. ೨೦೨೩ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯೂ ಆಗಿದೆ, "ತುಂಬಾ ಹಳೇ ವ್ಯವಹಾರ ಸಾರ್" ಅನ್ನೋ ಮಾತನ್ನೇ ನೆಚ್ಚಿಕೊಳ್ಳಬೇಡಿ. ಜಮೀನು ಅವರದ್ದೇ, ಬಡಪಾಯಿ ಕುಟುಂಬದಿಂದ ಯಾರೋ ಅಗ್ಗಕ್ಕೆ ಹೊಡೆದಿರ್ತಾರೆ. ಅದು ನಮ್ಮ ತಲೆಗೆ ಬಂದಾಗ ಸೈಟು ಮಾರಿದವನ ಫೋನು ಸ್ವಿಚ್ ಆಫ್ ಆಗಿರುತ್ತೆ.

ಕೊನೆಗೆ ಬ್ಯಾಂಕು. ಬ್ಯಾಂಕಿನ ವಕೀಲರು ಪತ್ರ ನೋಡ್ತಾರೆ, ನಿಜ. ಫೀಸು ನಮ್ಮಿಂದಲೇ ವಸೂಲಾಗುತ್ತೆ, ವರದಿ ಮಾತ್ರ ಬ್ಯಾಂಕಿಗೆ ಹೋಗುತ್ತೆ. ಅವರು ಕಾಯೋದು ಬ್ಯಾಂಕಿನ ದುಡ್ಡನ್ನ. ನಾಳೆ ಆಸ್ತಿ ನಮ್ಮದಲ್ಲ ಅಂತ ತೀರ್ಪಾದ್ರೂ ನಮ್ಮ ಇಎಂಐ ನಿಲ್ಲಲ್ಲ.

ಲೆಕ್ಕ ಹಾಕಿ ನೋಡಿ. ೨೦೨೫ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ. ೧ರಿಂದ ೨ಕ್ಕೆ ಏರಿತು. ಮುದ್ರಾಂಕ, ಸೆಸ್ ಎಲ್ಲ ಸೇರಿ ಶೇ. ೭.೬. ಕೋಟಿ ರೂಪಾಯಿ ಮನೆಗೆ ಏಳು ಲಕ್ಷ ಅರವತ್ತು ಸಾವಿರ. ಇಷ್ಟು ಕಟ್ಟೋರು ಸ್ವಂತ ವಕೀಲರಿಗೆ ಕೆಲವು ಸಾವಿರ ಕೊಡೋಕೆ ಚೌಕಾಸಿ ಮಾಡ್ತೀವಿ!

ಸಾಲ ಬೇರೆ ಬ್ಯಾಂಕಿಗೆ ಬದಲಾಯಿಸೋರಿಗೂ ಒಂದು ಮಾತು. ಬದಲಾಗುತ್ತಾ ಹೋಗೋ ಬಡ್ಡಿಯ ಗೃಹಸಾಲಕ್ಕೆ ಬ್ಯಾಂಕುಗಳು ಮುಂಗಡ ತೀರುವಳಿ ದಂಡ ಹಾಕೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕು ೨೦೧೨ರಲ್ಲೇ ಹೇಳಿದೆ. ಸಾಲ ಪೂರ್ತಿ ತೀರಿದ ೩೦ ದಿನದಲ್ಲಿ ಮೂಲಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡ ಆದ್ರೆ ದಿನಕ್ಕೆ ೫,೦೦೦ ರೂಪಾಯಿ ಪರಿಹಾರ. ಇದು ೨೦೨೩ರ ಡಿಸೆಂಬರ್ ೧ರಿಂದ ಜಾರಿಯಲ್ಲಿದೆ. ಮೊದಲ ದಿನವೇ ಯಾವ ಯಾವ ಪತ್ರ ಕೊಟ್ಟಿರಿ ಅನ್ನೋ ಪಟ್ಟಿಗೆ ಬ್ಯಾಂಕಿನ ಸೀಲು, ಸಹಿ ಹಾಕಿಸಿಕೊಳ್ಳಿ. ತೀರಿದ ಮೇಲೆ ಸೆರ್ಸಾಯ್‌ನಲ್ಲಿ, ಒತ್ತೆ ನೋಂದಣಿ ಆಗಿದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ, ಋಣ ತೆಗೆಸಿ.

ನನ್ನ ಬೇಡಿಕೆ ಒಂದೇ. ನಮ್ಮ ದುಡ್ಡಲ್ಲಿ ಬರೆಸಿದ ವಕೀಲರ ವರದಿಯ ಪ್ರತಿಯನ್ನ, ಸಾಲ ಬಿಡುಗಡೆಗೆ ಮುಂಚೆ ಬ್ಯಾಂಕು ನಮಗೂ ಕೊಡಲೇಬೇಕು ಅಂತ ನಿಯಮ ಬರಲಿ. ಅದರಲ್ಲಿ ಬರೆದಿರೋ 'ಆದರೆ'ಗಳನ್ನ ಓದೋ ಹಕ್ಕು ಇಪ್ಪತ್ತು ವರ್ಷ ಕಂತು ಕಟ್ಟೋನಿಗೆ ಇರಬೇಡವೇ? ಆ ನಿಯಮ ಬರೋವರೆಗೂ ನಿಮ್ಮ ವಕೀಲರನ್ನ ನೀವೇ ಹಿಡಿಯಿರಿ. ಬ್ರೋಕರ್ ತೋರಿಸಿದ ವಕೀಲರು ಮಾತ್ರ ಬೇಡ.

ನೀವೇನಂತೀರಿ?